ಹಳೆ ಪಿಕಪ್, ಉಪ್ಪು ಗಾಳಿ: ಇಂಜಿನ್ ಬಿಚ್ಚುವ ಮೊದಲು ಚಾಸಿ ನೋಡಿ

ಪ್ರಶ್ನೆ: ನಮ್ಮ ಮನೆ ಉಡುಪಿಯ ಸಂತೆಕಟ್ಟೆ ಹತ್ತಿರ. 2009ರ ಬೊಲೆರೊ ಪಿಕಪ್ ಇದೆ, ಹಳೆ ಡಿಐ ಇಂಜಿನ್, ಮೆಕ್ಯಾನಿಕಲ್ ಪಂಪ್. ಮೊದಲಿನ ಮಾಲೀಕರು ಮಲ್ಪೆಯಿಂದ ಮೀನು ಸಾಗಿಸುತ್ತಿದ್ದರು. ಅವರೇ ಉದ್ದದ ಶಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿ ಗಾಡಿ ಎತ್ತರಿಸಿದ್ದಾರೆ. 215/75 ಆರ್15 ಟಯರ್ ಇದ್ದಲ್ಲಿ ಈಗ 31 ಇಂಚಿನ ಟಯರ್ ಇದೆ. ಎಲ್‌ಇಡಿ ಬಾರ್, ಸ್ನಾರ್ಕೆಲ್ (ಇಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯುವ ಪೈಪ್), ಮುಂದೆ ಕಬ್ಬಿಣದ ಗಾರ್ಡ್ ಕೂಡ ಇದೆ. ನಾವು ತೆಂಗಿನಕಾಯಿ, ಅಡಿಕೆ, ಗೊಬ್ಬರ ಸಾಗಿಸುತ್ತೇವೆ. ಲೋಡ್ ಇದ್ದಾಗ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಹೆಡ್‌ಲೈಟ್ ಮಂಕು. ಹೊಸ ಬ್ಯಾಟರಿ ಬೇಗ ಹಾಳಾಯಿತು. ಏರು ಹತ್ತುವಾಗ ಕಪ್ಪು ಹೊಗೆ ಬರುತ್ತದೆ, ಇಂಜಿನ್ ಬಿಚ್ಚಬೇಕು ಅಂತ ಗ್ಯಾರೇಜಿನಲ್ಲಿ ಹೇಳುತ್ತಾರೆ. ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ. ಮನೆಯಲ್ಲೇ ಏನೇನು ಮಾಡಬಹುದು? ಈ ಗಾಡಿ ಇಟ್ಟುಕೊಳ್ಳಬಹುದಾ?

ಉತ್ತರ:

ಇಂಜಿನ್ ಸದ್ಯ ಬಿಚ್ಚಬೇಡಿ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೂರು ಇಂಜಿನ್‌ನದ್ದಲ್ಲ. ನಾಲ್ಕನೆಯದು, ಅಂದರೆ ಕಪ್ಪು ಹೊಗೆ, ಅದು ಕೂಡ ಇಂಜಿನ್‌ನದ್ದೇ ಅಂತ ಈಗಲೇ ಹೇಳಲು ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ಹಳೆ ಪಿಕಪ್‌ಗಳ ಇಂಜಿನ್ ಸಾಯುವುದು ಕೊನೆಗೆ. ಅದಕ್ಕೆ ಮೊದಲು ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ತುಕ್ಕು ಹಿಡಿಯುತ್ತದೆ, ಬ್ರೇಕ್ ಪೈಪ್ ತೆಳುವಾಗುತ್ತದೆ, ಕರೆಂಟನ್ನು ಬ್ಯಾಟರಿಗೆ ವಾಪಸ್ ಒಯ್ಯುವ ಅರ್ತ್ ವೈರ್‌ಗಳು ಹಸಿರು ಪುಡಿಯಾಗುತ್ತವೆ. ಆದರೆ ಜನ ದುಡ್ಡು ಸುರಿಯುವುದು ಮಾತ್ರ ಇಂಜಿನ್‌ಗೇ. ಹೊಸ ಪಿಸ್ಟನ್, ಹೊಸ ಲೈನರ್ ಹಾಕಿಸಿ, ಮುಂದಿನ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹೊತ್ತಿಗೆ ಚಾಸಿ ತುಂಡಾದ ಗಾಡಿಗಳನ್ನು ನಾನು ತುಂಬಾ ನೋಡಿದ್ದೇನೆ. ನಿಮ್ಮದು ಹಾಗಾಗುವುದು ಬೇಡ.

ಮಾಡಿಫೈ ಆದ ಗಾಡಿಗೆ ಇನ್ನೊಂದು ಕಷ್ಟ ಇದೆ. ಅದು ಕಂಪನಿಯಿಂದ ಹೊರಬಂದಾಗ ಹೇಗಿತ್ತು ಅನ್ನುವುದು ಈಗ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಮೊದಲ ಕೆಲಸಕ್ಕೆ ಸ್ಪ್ಯಾನರ್ ಬೇಡ, ಒಂದು ನೋಟ್‌ಬುಕ್ ಸಾಕು. ಆರ್‌ಸಿಯಲ್ಲಿರುವ ಖಾಲಿ ತೂಕ, ಲೋಡ್ ಸಮೇತ ತೂಕ, ಟಯರ್ ಸೈಜ್ ಬರೆದಿಟ್ಟುಕೊಳ್ಳಿ. ಅದೇ ವರ್ಷದ, ಏನೂ ಬದಲಾಯಿಸದ ಒಂದು ಗಾಡಿ ಊರಿನಲ್ಲಿ ಇದ್ದೇ ಇರುತ್ತದೆ. ಅದರ ಶಾಕಲ್ ಉದ್ದ ಎಷ್ಟು, ಹೌಸಿಂಗ್‌ನಿಂದ (ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚ) ಚಾಸಿಗೆ ಅಂತರ ಎಷ್ಟು, ಬ್ರೇಕ್ ಹೋಸ್ ಎಲ್ಲಿ ಕೂತಿದೆ ಅಂತ ಅಳೆದು, ಫೋಟೋ ತೆಗೆದುಕೊಳ್ಳಿ. ಮುಂದೆ ಪ್ರತಿ ಹೆಜ್ಜೆಗೂ ಇದು ಬೇಕಾಗುತ್ತದೆ.

ಈಗ ಚಾಸಿಗೆ ಬರೋಣ. ಮೀನಿನ ಗಾಡಿ ಅಂದಿರಲ್ಲ, ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಆ ಮಾತು. ಮೀನಿನ ಪೆಟ್ಟಿಗೆಯಿಂದ ಐಸ್ ಕರಗಿದ ನೀರು ಉಪ್ಪಿನ ಸಮೇತ ಬೆಡ್‌ನ ಸಂದಿನಲ್ಲಿ ಇಳಿದು ಚಾಸಿಯ ಒಳಗೆ ಸೇರುತ್ತದೆ. ನೀರು ಒಣಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಈ ಉಪ್ಪು ಸುಮ್ನೆ ಕೂರುವುದಿಲ್ಲ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಒದ್ದೆಯಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದು ಇದಕ್ಕಿಂತ ಎಷ್ಟೋ ಒಣ ಗಾಳಿಯಲ್ಲೂ ನೀರು ಹೀರುತ್ತದೆ. ಉಡುಪಿ, ಮಂಗಳೂರಿನಲ್ಲಿ ರಾತ್ರಿ ತೇವಾಂಶ ಎಷ್ಟಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಅಂದರೆ ಮಳೆ ಇಲ್ಲದ ಜನವರಿಯಲ್ಲೂ ನಿಮ್ಮ ಚಾಸಿಯ ಒಳಭಾಗ ರಾತ್ರಿಯಿಡೀ ಒದ್ದೆಯಾಗಿರುತ್ತದೆ. ‘ಬೇಸಿಗೆಯಲ್ಲಿ ತುಕ್ಕು ಹಿಡಿಯುವುದಿಲ್ಲ’ ಅನ್ನುವ ಮಾತು ಘಟ್ಟದ ಮೇಲಿನವರಿಗೆ ಸರಿ, ನಮಗೆ ಅಲ್ಲ.

ಇದರ ಮೇಲೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಮೀನಿನ ಗಾಡಿಗಳೂ ಆ ಎರಡು ತಿಂಗಳು ಹೆಚ್ಚಾಗಿ ನಿಂತೇ ಇರುತ್ತವೆ. ಹೊರಗೆ ಜಡಿಮಳೆ, ಒಳಗೆ ಉಪ್ಪು, ಗಾಡಿ ಅಲುಗುವುದಿಲ್ಲ. ಓಡುವ ಗಾಡಿಗಿಂತ ಹೀಗೆ ನಿಂತ ಗಾಡಿಗೆ ತುಕ್ಕು ಜಾಸ್ತಿ.

ಕೆಳಗೆ ಮಲಗಿ ನೋಡುವ ಮೊದಲು ಒಂದು ಮಾತು. ದಯವಿಟ್ಟು ಕೆಂಪುಕಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ನಮ್ಮ ಕಡೆ ಅಂಗಳದಲ್ಲಿ ಯಾವಾಗಲೂ ನಾಲ್ಕು ಕೆಂಪುಕಲ್ಲು ಬಿದ್ದಿರುತ್ತವೆ, ಕೈಗೆ ಸಿಗುವುದೂ ಅದೇ. ಆದರೆ ಅದರ ತುಂಬಾ ತೂತು. ಗೋಡೆಯಲ್ಲಿ ಭಾರ ಹರಡಿಕೊಳ್ಳುವುದರಿಂದ ಅಲ್ಲಿ ಗಟ್ಟಿ. ಹೌಸಿಂಗ್‌ನ ಭಾರ ಒಂದೇ ಬಿಂದುವಿನಲ್ಲಿ ಬಿದ್ದರೆ ಯಾವ ಸೂಚನೆಯೂ ಕೊಡದೆ ಒಡೆಯುತ್ತದೆ. ಸಿಮೆಂಟ್ ಬ್ಲಾಕ್ ಕೂಡ ಹಾಗೇ. ಕಡಿಮೆ ಅಂದರೂ 3 ಟನ್ನಿನ ಒಂದು ಜೊತೆ ಜಾಕ್ ಸ್ಟ್ಯಾಂಡ್ ತನ್ನಿ. ಮಣ್ಣಿನ ಅಂಗಳವಾದರೆ ಅದರ ಅಡಿಗೆ ದಪ್ಪ ಹಲಗೆ ಇಡಿ. ಎದುರು ಚಕ್ರಗಳಿಗೆ ಮರದ ಅಡ್ಡೆ ಕೊಡಿ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಹೋಗಬಾರದು. ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಒಂದು ಸಣ್ಣ ಬಾಲ್‌ಪೀನ್ ಸುತ್ತಿಗೆ ಮತ್ತು ಹಳೆ ಸ್ಕ್ರೂ ಡ್ರೈವರ್ ಹಿಡಿದುಕೊಂಡು ಚಾಸಿಯ ಮುಂದಿನಿಂದ ಹಿಂದಕ್ಕೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಒಳಗೆ ಪದರ ಎದ್ದಿದ್ದರೆ ದಬ್ ಅಂತ ಸತ್ತ ಶಬ್ದ ಬರುತ್ತದೆ, ಸುತ್ತಿಗೆ ಅಲ್ಲೇ ಕೂರುತ್ತದೆ. ಆ ಜಾಗವನ್ನು ಸ್ಕ್ರೂ ಡ್ರೈವರ್‌ನಿಂದ ಒತ್ತಿ. ಒಳಗೆ ಇಳಿಯಿತು ಅಂದರೆ ಅಲ್ಲಿ ಕಬ್ಬಿಣ ಉಳಿದಿಲ್ಲ. ಮುಖ್ಯವಾಗಿ ಹಿಂದಿನ ಸ್ಪ್ರಿಂಗ್‌ನ ಎರಡೂ ಬ್ರಾಕೆಟ್ ಸುತ್ತ ನೋಡಿ, ಕ್ಯಾಬಿನ್ ಕೂರುವ ಮೌಂಟ್‌ಗಳನ್ನು ನೋಡಿ, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆದ ಜಾಗ ನೋಡಿ, ಡೀಸೆಲ್ ಟ್ಯಾಂಕ್‌ನ ಪಟ್ಟಿ ನೋಡಿ. ಚಾಸಿಗೆ ಇನ್ನೊಂದು ಪ್ಲೇಟ್ ರಿವೆಟ್ ಮಾಡಿದ ಕಡೆ ಇನ್ನೂ ಜಾಗ್ರತೆ ಬೇಕು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎಷ್ಟೋ ಪಾಲು ಹೆಚ್ಚುತ್ತದೆ. ಎರಡು ಪ್ಲೇಟ್‌ಗಳ ನಡುವೆ ತುಕ್ಕು ಬೆಳೆದರೆ ಅವು ಉಬ್ಬಿ ದೂರವಾಗುತ್ತವೆ, ರಿವೆಟ್ ಸಡಿಲವಾಗುತ್ತದೆ. ಹೊರಗೆ ಪೇಂಟ್ ಚೆನ್ನಾಗೇ ಕಾಣುತ್ತದೆ, ಆದರೆ ಪ್ಲೇಟ್ ಅಂಚು ಅಲೆ ಅಲೆಯಾಗಿರುತ್ತದೆ. ಅಂಚಿನ ಮೇಲೆ ಬೆರಳು ಓಡಿಸಿದರೆ ತಿಳಿಯುತ್ತದೆ.

ತೂತು ಬಿದ್ದಿದ್ದು ಸ್ಪ್ರಿಂಗ್ ಬ್ರಾಕೆಟ್ ಅಥವಾ ಸ್ಟೀರಿಂಗ್ ಬಾಕ್ಸ್ ಹತ್ತಿರ ಆದರೆ ಅಲ್ಲಿಗೆ ಮನೆಯ ಕೆಲಸ ಮುಗಿಯಿತು. ಚಾಸಿ ಕೆಲಸ ಗೊತ್ತಿರುವ ವೆಲ್ಡರ್ ಹತ್ತಿರ ಹೋಗಬೇಕು. ಬರೀ ಮೇಲೊಂದು ತಗಡು ಇಟ್ಟು ಆರ್ಕ್ ಹೊಡೆಸುವುದು ರಿಪೇರಿ ಅಲ್ಲ. ಕೊಳೆತ ಭಾಗ ಪೂರ್ತಿ ಕತ್ತರಿಸಿ, ಅದೇ ದಪ್ಪದ ಪ್ಲೇಟ್ ಕೂರಿಸಬೇಕು. ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ಎರಡೂ ಟರ್ಮಿನಲ್ ತೆಗೆದಿರಬೇಕು, ಡೀಸೆಲ್ ಪೈಪ್ ಮತ್ತು ಬ್ರೇಕ್ ಪೈಪ್ ದೂರ ಸರಿಸಿರಬೇಕು.

ಮೇಲ್ಮೈ ತುಕ್ಕು ಮಾತ್ರ ಆದರೆ ಅದು ಪೂರ್ತಿ ನಿಮ್ಮ ಕೆಲಸ, ಮನೆಯಲ್ಲೇ ಗ್ಯಾರೇಜಿಗಿಂತ ಚೆನ್ನಾಗಿ ಮಾಡಬಹುದು. ಯಾಕೆಂದರೆ ಇದಕ್ಕೆ ಬೇಕಾಗುವುದು ತಾಳ್ಮೆ, ಗ್ಯಾರೇಜಿನಲ್ಲಿ ಅಷ್ಟು ಸಮಯ ಯಾರೂ ಕೊಡುವುದಿಲ್ಲ. ಮೊದಲು ಉಪ್ಪು ಹೋಗಬೇಕು. ಚಾಸಿಯ ಅಡಿಯಲ್ಲಿ ನೀರು ಇಳಿಯುವ ತೂತುಗಳಿರುತ್ತವೆ, ನಿಮ್ಮ ಗಾಡಿಯಲ್ಲಿ ಅವು ಮೀನಿನ ಪೊರೆ, ಮಣ್ಣು ಸೇರಿ ಮುಚ್ಚಿಕೊಂಡಿರುವುದು ಖಂಡಿತ. ಒಂದು ತಂತಿ ಹಾಕಿ ಬಿಡಿಸಿ. ಆಮೇಲೆ ಹೋಸ್ ತುದಿಯನ್ನು ಚಾಸಿಯ ಒಳಗೆ ತೂರಿಸಿ, ಕೆಳಗೆ ಬರುವ ನೀರು ತಿಳಿಯಾಗುವವರೆಗೆ ಸಿಹಿನೀರು ಬಿಡಿ. ಸಮುದ್ರದ ಹತ್ತಿರದ ಬಾವಿಯಾದರೆ ಬೇಸಿಗೆ ಕೊನೆಗೆ ನೀರಿನಲ್ಲಿ ಉಪ್ಪು ಏರುತ್ತದೆ ಅಲ್ವಾ? ಆ ನೀರು ಬಳಸಬೇಡಿ. ಒಂದು ವಾರ ಬಿಟ್ಟು ಮತ್ತೊಮ್ಮೆ ತೊಳೆಯಿರಿ. ಮೊದಲ ಸಲ ಕರಗದ ಉಪ್ಪು ಎರಡನೇ ಸಲ ಹೋಗುತ್ತದೆ.

ಪೂರ್ತಿ ಒಣಗಿದ ಮೇಲೆ ವೈರ್ ಬ್ರಶ್ ಹಾಕಿ, ಪದರ ಎದ್ದದ್ದನ್ನೆಲ್ಲ ಉದುರಿಸಿ. ಗಟ್ಟಿಯಾಗಿ ಅಂಟಿದ ಕಂದು ಬಣ್ಣ ಉಳಿದರೆ ಪರವಾಗಿಲ್ಲ. ಅದರ ಮೇಲೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಅದು ತುಕ್ಕನ್ನು ಕಪ್ಪು ಫಾಸ್ಫೇಟ್ ಪದರವಾಗಿ ಬದಲಾಯಿಸುತ್ತದೆ. ನಂತರ ಎರಡು ಕೋಟ್ ಎಪಾಕ್ಸಿ ಪ್ರೈಮರ್, ಅದರ ಮೇಲೆ ಕಪ್ಪು ಚಾಸಿ ಪೇಂಟ್. ರೆಡ್ ಆಕ್ಸೈಡ್ ಒಂದನ್ನೇ ನಂಬಬೇಡಿ, ಅದು ತೇವಾಂಶವನ್ನು ಪೂರ್ತಿ ತಡೆಯುವುದಿಲ್ಲ. ಚಾಸಿಯ ಒಳಭಾಗಕ್ಕೆ ಬ್ರಶ್ ಹೋಗುವುದಿಲ್ಲ, ಅಲ್ಲಿಗೆ ಉದ್ದ ನಳಿಕೆಯ ಕ್ಯಾವಿಟಿ ವ್ಯಾಕ್ಸ್ ಹೊಡೆಯಿರಿ. ನೀರಿನ ತೂತುಗಳು ಮತ್ತೆ ಮುಚ್ಚದಂತೆ ನೋಡಿಕೊಳ್ಳಿ.

ಎರಡು ಅಭ್ಯಾಸ ನಮ್ಮ ಕಡೆ ತುಂಬಾ ಇದೆ, ಎರಡೂ ಕೆಟ್ಟದ್ದು. ಒಂದು, ಮಳೆಗಾಲಕ್ಕೆ ಮೊದಲು ಇಂಜಿನ್‌ನಿಂದ ತೆಗೆದ ಕಪ್ಪು ಆಯಿಲನ್ನು ಚಾಸಿಗೆ ಹೊಡೆಯುವುದು. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಮೊದಲ ಎರಡು ಮಳೆಗೆ ತೊಳೆದು ನಿಮ್ಮದೇ ತೋಟಕ್ಕೆ, ಬಾವಿಗೆ ಸೇರುತ್ತದೆ. ಇನ್ನೊಂದು, ತುಕ್ಕಿನ ಮೇಲೇ ಟಾರ್‌ನಂಥ ಅಂಡರ್‌ಕೋಟಿಂಗ್ ಹೊಡೆಸುವುದು. ಅದು ಒಣಗಿ ಬಿರುಕು ಬಿಟ್ಟ ಮೇಲೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕಣ್ಣಿಗೆ ಕಾಣದ ಹಾಗೆ ಕೊಳೆಯುತ್ತದೆ. ಹಳೆ ಗಾಡಿ ಕೊಳ್ಳುವಾಗ ಅಡಿಭಾಗ ಹೊಸದಾಗಿ ಕಪ್ಪಗೆ ಹೊಳೆಯುತ್ತಿದ್ದರೆ ನಾನು ಮೊದಲು ಅನುಮಾನಪಡುವುದು ಅದಕ್ಕೇ.

ಇನ್ನು ಬ್ರೇಕ್. ಲೋಡ್ ಇದ್ದಾಗ ಮಾತ್ರ ಹಿಡಿಯುವುದಿಲ್ಲ ಅಂದಿರಿ. ಈ ಲಕ್ಷಣ ಕೇಳಿದ ಕೂಡಲೇ ನಾನು ನೋಡುವುದು ಹಿಂದಿನ ಹೌಸಿಂಗ್‌ನ ಮೇಲಿರುವ ಒಂದು ಸಣ್ಣ ರಾಡನ್ನು. ಅದರ ಒಂದು ತುದಿ ಹೌಸಿಂಗ್‌ಗೆ, ಇನ್ನೊಂದು ತುದಿ ಚಾಸಿಯಲ್ಲಿರುವ ವಾಲ್ವ್‌ಗೆ ಸೇರಿರುತ್ತದೆ. ಗ್ಯಾರೇಜಿನಲ್ಲಿ ಇದನ್ನು ಎಲ್‌ಎಸ್‌ಪಿವಿ ಅನ್ನುತ್ತಾರೆ. ಲೋಡ್ ನೋಡಿ ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಕೊಡಬೇಕು ಅಂತ ತೀರ್ಮಾನಿಸುವುದು ಇದರ ಕೆಲಸ. ಲೋಡ್ ಹಾಕಿದಾಗ ಚಾಸಿ ಕೆಳಗಿಳಿಯುತ್ತದೆ, ಹೌಸಿಂಗ್‌ಗೂ ಚಾಸಿಗೂ ಅಂತರ ಕಡಿಮೆಯಾಗುತ್ತದೆ, ರಾಡ್ ವಾಲ್ವನ್ನು ಹೆಚ್ಚು ತೆರೆಯುತ್ತದೆ. ಖಾಲಿ ಇದ್ದಾಗ ಅಂತರ ಜಾಸ್ತಿ, ವಾಲ್ವ್ ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಇಲ್ಲದಿದ್ದರೆ ಖಾಲಿ ಗಾಡಿಯ ಹಿಂದಿನ ಚಕ್ರ ಲಾಕ್ ಆಗಿ ಮಳೆಯಲ್ಲಿ ಬಾಲ ತಿರುಗುತ್ತದೆ.

ಈಗ ಯೋಚಿಸಿ. ಉದ್ದದ ಶಾಕಲ್ ಹಾಕಿ ಚಾಸಿಯನ್ನು ಎತ್ತರಿಸಿದ್ದಾರೆ. ಶಾಕಲ್ 2 ಇಂಚು ಉದ್ದ ಮಾಡಿದರೆ ಹೌಸಿಂಗ್ ಇರುವಲ್ಲಿ ಸುಮಾರು 1 ಇಂಚು ಎತ್ತರ ಸಿಗುತ್ತದೆ. ಆ ಅಂತರ ಯಾವಾಗಲೂ ಜಾಸ್ತಿಯಾಗೇ ಇರುತ್ತದೆ. ನೀವು ಬೆಡ್ ತುಂಬಾ ತೆಂಗಿನಕಾಯಿ ಹಾಕಿದರೂ ವಾಲ್ವ್‌ಗೆ ಗಾಡಿ ಅರ್ಧ ಖಾಲಿ ಇದ್ದ ಹಾಗೆ ಕಾಣುತ್ತದೆ. ಹಿಂದಿನ ಬ್ರೇಕ್ ಬರುವುದಿಲ್ಲ, ಮುಂದಿನದ್ದೇ ಎಲ್ಲ ಭಾರ ಹೊರುತ್ತದೆ. ಮುಂದಿನ ಪ್ಯಾಡ್ ಬೇಗ ಬೇಗ ಸವೆಯುತ್ತಿದೆಯಾ ನೋಡಿ, ಹೌದಾದರೆ ಅನುಮಾನ ಇನ್ನೂ ಗಟ್ಟಿ. ಮೀನಿನ ಗಾಡಿಯಾದ್ದರಿಂದ ಆ ರಾಡ್‌ನ ಕೀಲು ಉಪ್ಪಿಗೆ ಹಿಡಿದುಕೊಂಡಿರುವ ಸಾಧ್ಯತೆಯೂ ಇದೆ. ಪೆನೆಟ್ರೇಟಿಂಗ್ ಆಯಿಲ್ ಹೊಡೆದು, ಕೈಯಲ್ಲಿ ಅಲ್ಲಾಡಿಸಿ ನೋಡಿ. ಗೊಬ್ಬರದ ಚೀಲ ಹಾಕುವಾಗ ಒಬ್ಬರು ಪಕ್ಕದಿಂದ ನೋಡುತ್ತಿದ್ದರೆ ರಾಡ್ ಚಲಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಕೆಲವರು ಈ ರಾಡನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುತ್ತಾರೆ. ಲೋಡ್ ಇದ್ದಾಗ ಬ್ರೇಕ್ ಚೆನ್ನಾಗಿ ಬರುತ್ತದೆ. ಆದರೆ ಖಾಲಿ ಗಾಡಿಯಲ್ಲಿ, ಒದ್ದೆ ಹೆದ್ದಾರಿಯಲ್ಲಿ, ಒಮ್ಮೆ ಜೋರಾಗಿ ತುಳಿದರೆ ಗಾಡಿ ಅಡ್ಡ ತಿರುಗುತ್ತದೆ. ನಿಮ್ಮ ಗಾಡಿಯಲ್ಲಿ ಹಾಗೆ ಕಟ್ಟಿದ್ದರೆ ಇವತ್ತೇ ಬಿಚ್ಚಿ. ಸರಿಯಾದ ದಾರಿ ಅಂದರೆ ಹಳೆ ಅಳತೆಯ ಶಾಕಲ್ ವಾಪಸ್ ಹಾಕುವುದು. ಎತ್ತರ ಬೇಕೇ ಬೇಕು ಅಂತಿದ್ದರೆ ರಾಡ್‌ನ ಬ್ರಾಕೆಟನ್ನೂ ಅಷ್ಟೇ ಎತ್ತರಿಸಿ, ಗೇಜ್ ಹಾಕಿ ಒತ್ತಡ ಸೆಟ್ ಮಾಡಿಸಬೇಕು. ಅಂದಾಜಿನಲ್ಲಿ ಮಾಡುವ ಕೆಲಸ ಅದಲ್ಲ. ನೀವು ಸಾಗಿಸುವುದು ತೆಂಗಿನಕಾಯಿ, ಗೊಬ್ಬರ. ಅದಕ್ಕೆ ಎತ್ತರದಿಂದ ಏನೂ ಲಾಭವಿಲ್ಲ, ಲೋಡ್ ಮಾಡುವವರಿಗೆ ಸೊಂಟ ನೋವು ಜಾಸ್ತಿ ಅಷ್ಟೇ.

ಟಯರ್‌ನ ಲೆಕ್ಕವನ್ನೂ ನೋಡಿ. 215/75 ಆರ್15 ಟಯರ್‌ನ ವ್ಯಾಸ ಸುಮಾರು 703 ಮಿಲಿಮೀಟರ್. 31 ಇಂಚು ಅಂದರೆ 787. ಹತ್ತಿರ ಹತ್ತಿರ 12 ಶೇಕಡಾ ದೊಡ್ಡದು. ಮೀಟರ್ 60 ತೋರಿಸಿದಾಗ ನೀವು ನಿಜವಾಗಿ 67ರಲ್ಲಿ ಹೋಗುತ್ತಿದ್ದೀರಿ. ಮೀಟರ್‌ನಲ್ಲಿ 10,000 ಕಿಲೋಮೀಟರ್ ಆದಾಗ ಗಾಡಿ ನಿಜವಾಗಿ ಸುಮಾರು 11,200 ಓಡಿರುತ್ತದೆ. ಅದೇ ಬ್ರೇಕ್ ದೊಡ್ಡ ಚಕ್ರವನ್ನು ನಿಲ್ಲಿಸಬೇಕಾದಾಗ ರಸ್ತೆಯ ಮೇಲೆ ಸಿಗುವ ಹಿಡಿತ ಸುಮಾರು 10 ಶೇಕಡಾ ಕಡಿಮೆ. ಅಷ್ಟೇ ಕಡಿಮೆ ಇಂಜಿನ್‌ನ ಎಳೆತ ಕೂಡ. ನಿಮ್ಮ ಕಪ್ಪು ಹೊಗೆಯ ಮಾತು ಇಲ್ಲಿಗೆ ಬಂದು ಸೇರುತ್ತದೆ. ಏರಿನಲ್ಲಿ, ಲೋಡ್ ಸಮೇತ, ದೊಡ್ಡ ಟಯರ್ ತಿರುಗಿಸಲು ಇಂಜಿನ್ ತಿಣುಕುತ್ತದೆ. ನೀವು ಆಕ್ಸಿಲರೇಟರ್ ಪೂರ್ತಿ ಒತ್ತುತ್ತೀರಿ. ಡೀಸೆಲ್ ಜಾಸ್ತಿ, ಗಾಳಿ ಸಾಲದು, ಕಪ್ಪು ಹೊಗೆ. ಕ್ಲಚ್ ಕೂಡ ಇದೇ ಕಾರಣಕ್ಕೆ ಬೇಗ ಸವೆಯುತ್ತದೆ.

ಬ್ರೇಕ್ ಪೈಪ್ ಬಗ್ಗೆ. ಮಾಸ್ಟರ್ ಸಿಲಿಂಡರ್‌ನಿಂದ ಹಿಂದಕ್ಕೆ ಹೋಗುವ ಸ್ಟೀಲ್ ಪೈಪ್ ಚಾಸಿಗೆ ಕ್ಲಿಪ್ ಆಗಿರುತ್ತದೆ. ಕ್ಲಿಪ್‌ನ ಅಡಿಯಲ್ಲಿ ಉಪ್ಪು ಸೇರಿ ಅಲ್ಲೇ ಕೊರೆಯುತ್ತದೆ. ಪ್ರತಿ ಕ್ಲಿಪ್ ಸಡಿಲಿಸಿ, ಬಟ್ಟೆಯಿಂದ ಒರೆಸಿ ನೋಡಿ. ಪದರ ಏಳುತ್ತಿದ್ದರೆ ಆ ಪೈಪ್ ಪೂರ್ತಿ ಬದಲಾಯಿಸಿ, ತುಂಡು ಜೋಡಿಸಬೇಡಿ. ತಾಮ್ರ ಮತ್ತು ನಿಕಲ್ ಮಿಶ್ರಲೋಹದ ಪೈಪ್ ಸಿಕ್ಕಿದರೆ ನಮ್ಮ ಹವೆಗೆ ಬಹಳ ಒಳ್ಳೆಯದು. ಬರೀ ತಾಮ್ರದ್ದು ಬೇಡ, ಅದು ಅದುರಿ ಅದುರಿ ಸೀಳುತ್ತದೆ. ಗಾಡಿ ಎತ್ತರಿಸಿದ್ದರಿಂದ ಹಿಂದಿನ ರಬ್ಬರ್ ಹೋಸ್ ಬಿಗಿಯಾಗಿ ಎಳೆದುಕೊಂಡಿದೆಯಾ ಅದನ್ನೂ ನೋಡಿ.

ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ, ಇಲ್ಲಿ ಇನ್ನೂ ಬೇಗ. ಹೊಸ ಡಾಟ್ 4 ಆಯಿಲ್ ಕುದಿಯುವುದು ಕಡಿಮೆ ಅಂದರೂ 230 ಡಿಗ್ರಿಯಲ್ಲಿ. ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಗುಂಬೆಯಿಂದ ಲೋಡ್ ಸಮೇತ ಬ್ರೇಕ್ ಒತ್ತಿಕೊಂಡೇ ಇಳಿದರೆ ಒಳಗೆ ಆವಿಯಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ನಿಮ್ಮಲ್ಲಿ ಈಗ ಇರುವುದು ಎಷ್ಟು ಹಳೆಯದೋ ಗೊತ್ತಿಲ್ಲವಾದ್ದರಿಂದ ಈಗಲೇ ತೆಗೆಯಿರಿ. ಬ್ರೇಕ್ ಪೈಪ್‌ನೊಳಗಿನ ಏರ್ ತೆಗೆಯುವಾಗ ಹೌಸಿಂಗ್ ನೇತಾಡಲು ಬಿಡಬೇಡಿ, ಸ್ಟ್ಯಾಂಡ್ ಹೌಸಿಂಗ್‌ನ ಅಡಿಗೇ ಕೊಡಿ. ನೇತಾಡಿದರೆ ಆ ವಾಲ್ವ್ ಮುಚ್ಚಿಕೊಂಡು ಹಿಂದಿನ ಏರ್ ಹೊರಗೆ ಬರುವುದೇ ಇಲ್ಲ. ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಬಾಯಿಯಿಂದ ಊದಬೇಡಿ, ಏರ್ ಕೂಡ ಹೊಡೆಯಬೇಡಿ. ಹಳೆ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಲೈಟ್ ಮಂಕು, ಬ್ಯಾಟರಿ ಹಾಳು, ಎರಡಕ್ಕೂ ಹೆಚ್ಚಾಗಿ ಕಾರಣ ಒಂದೇ: ಕೆಟ್ಟ ಅರ್ತ್, ಮತ್ತು ಆ ಎಲ್‌ಇಡಿ ಬಾರ್‌ಗೆ ಎಳೆದ ವೈರ್. ಒಂದು ಸಾಧಾರಣ ಮಲ್ಟಿಮೀಟರ್ ತೆಗೆದುಕೊಳ್ಳಿ. ರಾತ್ರಿ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಹತ್ತಿರ ಇರಬೇಕು. ಇಂಜಿನ್ ಓಡುವಾಗ 13.8ರಿಂದ 14.4. ಇದು ಸರಿಯಿದ್ದರೆ ಡೈನಮೋಗೆ ದುಡ್ಡು ಹಾಕಬೇಡಿ. ಮೀಟರ್‌ನ ಒಂದು ಪಿನ್ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ನ ಬರೀ ಲೋಹಕ್ಕೆ ಹಿಡಿದು ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.5 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿಯಿಲ್ಲ. ಹೆಡ್‌ಲೈಟ್ ಹಾಕಿ ಅದರ ಅರ್ತ್ ಪಿನ್‌ಗೂ ಇದೇ ಪರೀಕ್ಷೆ ಮಾಡಿ, ಅಲ್ಲಿ 0.2 ದಾಟಬಾರದು. ಅರ್ತ್ ಪಟ್ಟಿ ಬಿಚ್ಚಿ, ಚಾಸಿಯ ಜಾಗವನ್ನು ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ವೈರ್‌ನ ತುದಿ ಸುಲಿದಾಗ ಒಳಗಿನ ತಾಮ್ರ ಕಪ್ಪಾಗಿದ್ದರೆ, ಕೆಂಪು ಕಾಣುವವರೆಗೆ ಹಿಂದಕ್ಕೆ ಕತ್ತರಿಸಬೇಕು. ಕಪ್ಪು ತಾಮ್ರದ ಮೇಲೆ ಲಗ್ ಒತ್ತಿದರೆ ಒಂದು ಮಳೆಗಾಲ ಬಾಳುವುದಿಲ್ಲ.

ಎಲ್‌ಇಡಿ ಬಾರ್ 120 ವ್ಯಾಟ್ ಇದ್ದರೆ ಸುಮಾರು 10 ಆಂಪ್ ಎಳೆಯುತ್ತದೆ. ಅದನ್ನು ಹೆಡ್‌ಲೈಟ್ ಸ್ವಿಚ್‌ನಿಂದ ಎಳೆದಿದ್ದರೆ ಸ್ವಿಚ್ ಬಿಸಿಯಾಗಿ ಹೆಡ್‌ಲೈಟ್ ಮಂಕಾಗುತ್ತದೆ. ಅದು ಬೆಂಕಿಗೂ ದಾರಿ. ಇಡುವುದಾದರೆ ರಿಲೇ ಹಾಕಿ. ರಿಲೇಯ 30ನೇ ಪಿನ್‌ಗೆ ಬ್ಯಾಟರಿಯಿಂದ 15 ಆಂಪ್ ಫ್ಯೂಸ್ ಮೂಲಕ ವೈರ್, 87ರಿಂದ ಲೈಟ್‌ಗೆ, 86 ಸ್ವಿಚ್‌ಗೆ, 85 ಅರ್ತ್‌ಗೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ವೈರ್ 2.5 ಚದರ ಮಿಲಿಮೀಟರ್‌ನದ್ದು. ಆದರೆ ಎದುರು ಬರುವ ಬೈಕಿನವರ ಕಣ್ಣು ಕುಕ್ಕುವ ಈ ಲೈಟ್ ರಸ್ತೆಯಲ್ಲಿ ಹಾಕುವಂಥದ್ದಲ್ಲ. ಅರ್ತ್ ಸರಿ ಮಾಡಿದ ಮೇಲೆ ನಿಮ್ಮ ಮಾಮೂಲಿ ಹೆಡ್‌ಲೈಟೇ ಎಷ್ಟು ಬೆಳಕು ಕೊಡುತ್ತದೆ ಅಂತ ನೋಡಿ, ಬಾರ್ ಬೇಕು ಅಂತ ಅನ್ನಿಸಲಿಕ್ಕಿಲ್ಲ.

ಇಂಜಿನ್ ಕಡೆ ಸದ್ಯಕ್ಕೆ ಇಷ್ಟು ಸಾಕು. ಏರ್ ಫಿಲ್ಟರ್ ಹೊಸದು ಹಾಕಿ. ಸ್ನಾರ್ಕೆಲ್ ತೆಗೆದು ಮೂಲ ಪೈಪ್ ಕೂರಿಸಿ, ಅದರ ಜೋಡಣೆಗಳಲ್ಲಿ ಗಾಳಿ ಸೋರಿ ಫಿಲ್ಟರ್ ದಾಟಿ ಧೂಳು ಒಳಗೆ ಹೋಗುತ್ತಿದ್ದರೆ ಅದು ಇಂಜಿನ್‌ಗೆ ನಿಜವಾದ ವಿಷ. ಡೀಸೆಲ್ ಫಿಲ್ಟರ್‌ನ ಅಡಿಯ ಸ್ಕ್ರೂ ಸಡಿಲಿಸಿ ನೀರು ಇಳಿಸಿ. ಮಳೆಗಾಲದಲ್ಲಿ ಇದನ್ನು ಪದೇ ಪದೇ ಮಾಡಿ. ಹಳೆ ಅಳತೆಯ ಟಯರ್ ಹಾಕಿ ಓಡಿಸಿದ ಮೇಲೂ ಕಪ್ಪು ಹೊಗೆ ಹೋಗದಿದ್ದರೆ ಇಂಜೆಕ್ಟರ್‌ಗಳನ್ನು ಪಂಪ್ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ. ನೀಲಿ ಹೊಗೆ ಬಂದರೆ, ಅಥವಾ ಇಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಭರ್ರನೆ ಗಾಳಿ ನುಗ್ಗಿದರೆ, ಆಗ ಕಂಪ್ರೆಷನ್ ನೋಡಿಸಿ. ನಾಲ್ಕೂ ಸಿಲಿಂಡರ್‌ಗಳ ಅಂಕಿ ಕಂಪನಿಯ ಕನಿಷ್ಠ ಮಿತಿಗಿಂತ ಮೇಲಿದ್ದು, ಒಂದಕ್ಕೊಂದು ಹತ್ತಿರ ಇದ್ದರೆ ಬಿಚ್ಚುವ ಅಗತ್ಯ ಇಲ್ಲ. ನಿಮ್ಮದು ಮೆಕ್ಯಾನಿಕಲ್ ಪಂಪ್ ಆದ್ದರಿಂದ ಡೀಸೆಲ್ ಲೈನ್‌ನ ಏರ್ ನೀವೇ ತೆಗೆಯಬಹುದು. ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಣದ ಹೊಸ ಡೀಸೆಲ್) ಗಾಡಿ ಇರುವವರು ಇದನ್ನು ಓದಿ ಇಂಜೆಕ್ಟರ್ ಪೈಪ್ ಸಡಿಲಿಸಬೇಡಿ. ಅಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಸಣ್ಣ ಚಿಮ್ಮು ಚರ್ಮದೊಳಗೆ ಹೋಗುತ್ತದೆ.

ಮೊದಲಿನವರು ಮಾಡದ, ಆದರೆ ನಿಜವಾಗಿ ಉಪಯೋಗಕ್ಕೆ ಬರುವ ಒಂದು ಸಣ್ಣ ಬದಲಾವಣೆ ಹೇಳುತ್ತೇನೆ. ಹೌಸಿಂಗ್‌ನ ಮೇಲೆ ಗಾಳಿಯಾಡಲು ಒಂದು ಸಣ್ಣ ಬ್ರೀದರ್ ಇರುತ್ತದೆ. ಬಿಸಿ ಹೌಸಿಂಗ್ ನೆರೆ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಆ ಬ್ರೀದರ್ ಅಥವಾ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ. ಒಂದು ಆಯಿಲ್ ತಡೆಯುವ ರಬ್ಬರ್ ಪೈಪ್ ಹಾಕಿ ಬ್ರೀದರನ್ನು ಬೆಡ್‌ನ ಎತ್ತರಕ್ಕೆ ಒಯ್ಯಿರಿ. ನೀರಿನಲ್ಲಿ ಹೋಗಿ ಬಂದಿದ್ದರೆ ಹೌಸಿಂಗ್ ಆಯಿಲ್ ಸ್ವಲ್ಪ ತೆಗೆದು ನೋಡಿ, ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಅದೇ ದಿನ ಬದಲಾಯಿಸಬೇಕು.

ಕಾನೂನಿನ ವಿಷಯ ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಮುಂದಿನ ಕಬ್ಬಿಣದ ಗಾರ್ಡ್ ವಿರುದ್ಧ ಕ್ರಮ ತೆಗೆದುಕೊಳ್ಳಲು 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಸೂಚಿಸಿದೆ. ಆ ಗಾರ್ಡ್ ಗುದ್ದಿದ ಹೊಡೆತವನ್ನು ನೇರ ಚಾಸಿಗೆ ಕಳಿಸುತ್ತದೆ, ರಸ್ತೆಯಲ್ಲಿ ನಡೆಯುವವರಿಗಂತೂ ಪ್ರಾಣಕ್ಕೇ ಅಪಾಯ. ತೆಗೆದುಬಿಡಿ. ಸರಕು ವಾಹನಕ್ಕೆ 8 ವರ್ಷ ದಾಟಿದ ಮೇಲೆ ಪ್ರತಿವರ್ಷ ಎಫ್‌ಸಿ ಆಗಬೇಕು. ಎತ್ತರ, ಟಯರ್, ಗಾರ್ಡ್ ಎಲ್ಲ ಹಾಗೇ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತೀರಿ. ಅಪಘಾತವಾದರೆ ಇನ್ಶೂರೆನ್ಸ್‌ಗೂ ತೊಂದರೆ.

ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. ಉತ್ತರ ಸುತ್ತಿಗೆಯ ಶಬ್ದದಲ್ಲಿದೆ. ಸ್ಪ್ರಿಂಗ್ ಬ್ರಾಕೆಟ್‌ಗಳ ಹತ್ತಿರ, ಸ್ಟೀರಿಂಗ್ ಬಾಕ್ಸ್ ಹತ್ತಿರ ಚಾಸಿ ಗಟ್ಟಿ ಇದ್ದರೆ ಖಂಡಿತ ಇಟ್ಟುಕೊಳ್ಳಿ. ಬಿಡಿಭಾಗ ಎಲ್ಲ ಕಡೆ ಸಿಗುವ, ಮನೆಯಲ್ಲೇ ಬಿಚ್ಚಿ ಜೋಡಿಸಬಹುದಾದ ಇಂಥ ಇಂಜಿನ್ ಈಗಿನ ಹೊಸ ಗಾಡಿಗಳಲ್ಲಿ ಇಲ್ಲ. ಚಾಸಿಯ ಎರಡೂ ಬದಿಯ ರೈಲ್ (ಉದ್ದದ ತೊಲೆ) ಕೊಳೆತಿದ್ದರೆ ಮಾತ್ರ ದುಡ್ಡು ಹಾಕಬೇಡಿ, ಬೇರೆಯವರಿಗೆ ಮಾರಿ ಅಪಾಯ ದಾಟಿಸಲೂ ಬೇಡಿ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳಿ.

ತೊಳೆದು ಪೇಂಟ್ ಮಾಡುವ ಕೆಲಸಕ್ಕೆ ದೀಪಾವಳಿಯಿಂದ ಯುಗಾದಿವರೆಗೆ ಒಳ್ಳೆಯ ಸಮಯ. ಹೇಗಿದ್ದರೂ ಮೇ ತಿಂಗಳ ಕೊನೆಯ ವಾರ ಬರುವ ಪತ್ತನಾಜೆಗೆ (ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲ ದಿನ) ಮೊದಲು ಮುಗಿಸಿ, ಆಮೇಲೆ ಪೇಂಟ್ ಒಣಗುವುದಿಲ್ಲ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡೆ ಕೊಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಶೂ ಡ್ರಮ್‌ಗೆ ಕಚ್ಚಿಕೊಳ್ಳುತ್ತದೆ. ಹಳೆ ಶಾಕಲ್ ಹಾಕುವಾಗ ಪಿನ್ ಮತ್ತು ಬುಷ್ ಹೊಸದು ತನ್ನಿ. ಸ್ಪ್ರಿಂಗ್ ಬಿಚ್ಚಿದರೆ ಅದನ್ನು ಹೌಸಿಂಗ್‌ಗೆ ಬಿಗಿಯುವ ಯು-ಬೋಲ್ಟ್ ಕೂಡ ಹೊಸದೇ ಆಗಬೇಕು, ಒಮ್ಮೆ ಬಿಗಿದು ಎಳೆದುಕೊಂಡ ಯು-ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಸ್ವಲ್ಪ ದಿನ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಿರಿ.

ಪೇಂಟ್‌ಗೆ ದೀಪಾವಳಿವರೆಗೆ ಕಾಯಬಹುದು, ಬ್ರೇಕ್‌ಗೆ ಕಾಯಬೇಡಿ. ಈ ವಾರವೇ ಆ ರಾಡ್ ಮತ್ತು ಬ್ರೇಕ್ ಪೈಪ್ ನೋಡಿ. ಅವೆರಡು ಸರಿಯಾಗುವವರೆಗೆ ಗಾಡಿಗೆ ಲೋಡ್ ಹಾಕಬೇಡಿ.